ಮೊದಲ ರೈಫಲ್, ಮೊದಲ ಸ್ಕೋಪ್: 25 ಮೀಟರ್‌ನಲ್ಲಿ ನಾಣ್ಯದಷ್ಟು ಜಾಗಕ್ಕೆ ಗುರಿ – ನನ್ನ ಅನುಭವ

ಹತ್ತು ರೂಪಾಯಿ ನಾಣ್ಯದ ಅಗಲ 27 ಮಿ.ಮೀ. ಸಣ್ಣ ಬೇಟೆಗೆ ಬೇಕಾಗುವ ಗುರಿ ಹೆಚ್ಚುಕಡಿಮೆ ಅಷ್ಟೇ. 25 ಮೀಟರ್ ದೂರದಿಂದ ಐದಕ್ಕೆ ಐದು ಗುಂಡೂ ಆ ನಾಣ್ಯದೊಳಗೆ ಬೀಳಬೇಕು, ಇವತ್ತು ಬಿದ್ದದ್ದು ಮುಂದಿನ ವಾರವೂ ಬೀಳಬೇಕು. ಏರ್ ರೈಫಲ್, ಅಂದರೆ ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ರೈಫಲ್, ಆರಿಸುವಾಗ ನಾನು ಇಟ್ಟುಕೊಂಡಿರುವ ಅಳತೆ ಇದೊಂದೇ. ತುಮಕೂರು ಕಡೆ ಗನ್ ವಿಷಯ ಬಂದರೆ ಮೊದಲ ಪ್ರಶ್ನೆ 'ಎಷ್ಟು ಸ್ಪೀಡು?' ಎಂದಾಗಿರುತ್ತದೆ. ನಾಣ್ಯಕ್ಕೆ ತಾಗದ ಗುಂಡು ಎಷ್ಟು ಸ್ಪೀಡಾಗಿ ಹೋದರೂ ಅಷ್ಟೇ.

ಕಾನೂನಿನ ಮಾತನ್ನು ಮೊದಲೇ ಮುಗಿಸುತ್ತೇನೆ. ಯಾವ ರೈಫಲ್ ಎಂಬುದು ಅರ್ಧ ಅಲ್ಲೇ ತೀರ್ಮಾನವಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಂ ಬೇಟೆಯನ್ನು ನಿಷೇಧಿಸಿದೆ. ಮೊಲ, ಗೌಜಲು, ಲಾವುಗೆ, ನವಿಲು ಎಲ್ಲವೂ ಅದರಡಿ ಬರುತ್ತವೆ. ಆ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಗಾಯ ಮಾಡಿದರೂ, ಹಿಡಿದರೂ, ಹಿಡಿಯಲು ಪ್ರಯತ್ನಿಸಿದರೂ ಬೇಟೆಯೇ. ನಮ್ಮ ಜಿಲ್ಲೆಯಲ್ಲೇ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲು ಇದೆ, ಶಿರಾ ಕಡೆ ಬುಕ್ಕಾಪಟ್ಟಣದಲ್ಲಿ 2019ರಲ್ಲಿ ಘೋಷಣೆಯಾದ ಚಿಂಕಾರ ವನ್ಯಧಾಮ ಇದೆ. ವನ್ಯಧಾಮದೊಳಗೆ ಲಿಖಿತ ಅನುಮತಿ ಇಲ್ಲದೆ ಯಾವ ಆಯುಧವನ್ನೂ ಒಯ್ಯುವಂತಿಲ್ಲ. ಕಾಯ್ದೆ 'ಆಯುಧ' ಎಂಬ ಪದಕ್ಕೆ ಕೊಟ್ಟಿರುವ ಅರ್ಥ ಅಗಲವಾದದ್ದು, ಪ್ರಾಣಿಗೆ ಗಾಯ ಮಾಡಬಲ್ಲ ಯಾವ ಸಾಧನವೂ ಅದರೊಳಗೆ ಬರುತ್ತದೆ. ಏರ್ ರೈಫಲ್ ಕೂಡ.

ತೆಂಗಿನ ತೋಟಕ್ಕೆ ಕೋತಿ ಕಾಟ ಎಂದು ಏರ್‌ಗನ್ ಕೇಳುವವರಿಗೂ ಇದೇ ಉತ್ತರ. ಆ ಗುಂಡಿಗೆ ಕೋತಿ ಅಲ್ಲೇ ಸಾಯುವುದಿಲ್ಲ. ಸೀಸ ಮೈಯೊಳಗೆ ಉಳಿದು, ಗಾಯ ಕೀವಾಗಿ, ವಾರಗಟ್ಟಲೆ ನರಳುತ್ತದೆ. ಆ ಕೆಲಸಕ್ಕೆ ನಾನು ಯಾರಿಗೂ ರೈಫಲ್ ಆರಿಸಿಕೊಡುವುದಿಲ್ಲ.

ಹಾಗಾದರೆ ನಮ್ಮ ಬೇಟೆ ಯಾವುದು? ತಗಡಿನ ಮೊಲ. ಬ್ರಿಟನ್ನಿನಲ್ಲಿ 1980ರ ಸುಮಾರಿಗೆ ಶುರುವಾದ ಫೀಲ್ಡ್ ಟಾರ್ಗೆಟ್ ಎಂಬ ಆಟ ಇದು. ಮೊಲ, ಇಲಿ, ಹಕ್ಕಿಯ ಆಕಾರದಲ್ಲಿ ಕತ್ತರಿಸಿದ ಉಕ್ಕಿನ ಹಲಗೆ, ಅದರಲ್ಲಿ 40 ಮಿ.ಮೀ. ಅಥವಾ ಅದಕ್ಕಿಂತ ಚಿಕ್ಕ ತೂತು. ತೂತಿನ ಹಿಂದಿರುವ ಬಿಲ್ಲೆಗೆ ಗುಂಡು ತಾಗಿದರೆ ಮೊಲ ಹಿಂದಕ್ಕೆ ಬೀಳುತ್ತದೆ. ಅಂಚಿಗೆ ತಾಗಿದರೆ ನಿಂತೇ ಇರುತ್ತದೆ. ದೂರ ಅಂದಾಜು ಮಾಡುವುದು, ಗಾಳಿ ಓದುವುದು, ಉಸಿರು ಹಿಡಿಯುವುದು, ಮಂಡಿಯೂರಿ ಕೂರುವುದು, ಸಣ್ಣ ಬೇಟೆಯ ವಿದ್ಯೆ ಪೂರ್ತಿ ಇಲ್ಲಿದೆ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಗ್ಯಾಸ್ ಕಟಿಂಗ್ ಮಾಡುವ ಯಾವ ವರ್ಕ್‌ಶಾಪ್‌ನವರಾದರೂ 5 ಮಿ.ಮೀ. ತಗಡಿನಲ್ಲಿ ಇದನ್ನು ಕತ್ತರಿಸಿ, ಕೆಳಗೆ ಬಾಗಿಲಿನ ಹಿಂಜ್ ಬೆಸೆದು ಕೊಡುತ್ತಾರೆ. ಬಿದ್ದದ್ದನ್ನು ಮತ್ತೆ ನಿಲ್ಲಿಸಲು 30 ಮೀಟರ್ ನೈಲಾನ್ ದಾರ ಸಾಕು.

ಈಗ ರೈಫಲ್. ಮದ್ದಿನ ಬಲದಿಂದ ಹಾರಿಸುವ .22 ಬಂದೂಕಿಗೆ ಜಿಲ್ಲಾಡಳಿತದ ಪರವಾನಗಿ ಬೇಕು. 4.5 ಮಿ.ಮೀ., ಅಂದರೆ .177 ನಳಿಗೆಯ, ಗುಂಡು ಹೊರಡುವಾಗಿನ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಬೇಡ. 5.5 ಮಿ.ಮೀ. ಏರ್ ರೈಫಲ್‌ಗೆ 2016ರ ಆಯುಧ ನಿಯಮಗಳಡಿ ಪರವಾನಗಿ ಬೇಕು. ಮೊದಲ ರೈಫಲ್ ಆಗಿ 4.5 ಮಿ.ಮೀ. ಆರಿಸಲು ಕಾನೂನು ಒಂದು ಕಾರಣ. ಅದೇ ಶಕ್ತಿಯಲ್ಲಿ ಹಗುರವಾದ ಗುಂಡು ವೇಗವಾಗಿ ಹೋಗಿ ಕಡಿಮೆ ಬಾಗುತ್ತದೆ, ದೂರದ ಅಂದಾಜಿನಲ್ಲಿ ಎರಡು ಮೀಟರ್ ತಪ್ಪಿದರೂ ನಡೆಯುತ್ತದೆ ಎಂಬುದು ಇನ್ನೊಂದು. ಅಂಗಡಿಯಿಂದ ಖರೀದಿಯ ಬಿಲ್ ತೆಗೆದುಕೊಳ್ಳಿ, ಅದರಲ್ಲಿ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆಸಿ, ರೈಫಲ್ ಎಲ್ಲಿ ಹೋದರೂ ಅದರ ಪ್ರತಿ ಜೊತೆಗಿರಲಿ. ಬಸ್ಸಿನಲ್ಲಾಗಲಿ ಕಾರಿನಲ್ಲಾಗಲಿ ಮುಚ್ಚಿದ ಚೀಲದಲ್ಲೇ ಒಯ್ಯಿರಿ. ದೂರದಿಂದ ನೋಡುವವರಿಗೆ ಅದು ಬಂದೂಕೇ.

ಜೂಲ್ ಲೆಕ್ಕವನ್ನು ಅಂಗಡಿಯವರ ಬಾಯಲ್ಲಿ ಕೇಳಬೇಡಿ, ನೀವೇ ಮಾಡಿ. ಗುಂಡಿನ ತೂಕ ಕಿಲೋಗ್ರಾಂನಲ್ಲಿ, ವೇಗ ಸೆಕೆಂಡಿಗೆ ಮೀಟರ್‌ನಲ್ಲಿ. ವೇಗವನ್ನು ವೇಗದಿಂದಲೇ ಗುಣಿಸಿ, ತೂಕದಿಂದ ಗುಣಿಸಿ, ಅರ್ಧ ಮಾಡಿ. 8.44 ಗ್ರೇನ್ ಗುಂಡು ಎಂದರೆ 0.547 ಗ್ರಾಂ. ಅದು 240 ಮೀಟರ್ ವೇಗದಲ್ಲಿ ಹೊರಟರೆ 15.8 ಜೂಲ್, 270 ಮೀಟರ್ ಮುಟ್ಟಿದರೆ 19.9 ಜೂಲ್, ಅಂದರೆ ಮಿತಿಯ ಅಂಚು. ನನ್ನ ಮಟ್ಟಿಗೆ 14ರಿಂದ 16 ಜೂಲ್ ಒಳ್ಳೆಯ ಜಾಗ. ಅಂತರರಾಷ್ಟ್ರೀಯ ಫೀಲ್ಡ್ ಟಾರ್ಗೆಟ್ ಮಿತಿಯೂ 12 ಫುಟ್-ಪೌಂಡ್, ಸುಮಾರು 16.3 ಜೂಲ್. ಸ್ಪ್ರಿಂಗ್ ರೈಫಲ್‌ನಲ್ಲಿ ಇದಕ್ಕಿಂತ ಹೆಚ್ಚು ಶಕ್ತಿ ಬೇಕೆಂದರೆ ಪಿಸ್ಟನ್ ದೊಡ್ಡದಾಗುತ್ತದೆ, ಒದೆತ ಹೆಚ್ಚುತ್ತದೆ, ಸ್ಕೋಪ್ (ಗುರಿ ನೋಡುವ ದುರ್ಬೀನು) ಬೇಗ ಹಾಳಾಗುತ್ತದೆ, ಕಾಕ್ ಮಾಡಿ ಮಾಡಿ, ಅಂದರೆ ನಳಿಗೆ ಮಡಚಿ ಸ್ಪ್ರಿಂಗ್ ಬಿಗಿದು ಬಿಗಿದು, ಇಪ್ಪತ್ತನೇ ಗುಂಡಿಗೆ ಕೈ ನಡುಗಲು ಶುರುವಾಗುತ್ತದೆ. ನಾಣ್ಯ ತಪ್ಪುವುದು ಆಗಲೇ.

ಸ್ಪ್ರಿಂಗ್, ಗ್ಯಾಸ್ ಪಿಸ್ಟನ್, ಪಿಸಿಪಿ, ಈ ಮೂರರಲ್ಲಿ ಯಾವುದು? ಪಿಸಿಪಿ ಅಂದರೆ ಮೊದಲೇ 200 ಬಾರ್ ಗಾಳಿ ತುಂಬಿಡುವ ರೈಫಲ್. ಒದೆತ ಇಲ್ಲ, ಗುರಿ ಸುಲಭ. ಆದರೆ ಗಾಳಿ ತುಂಬಲು ಪಂಪು ಅಥವಾ ಸಿಲಿಂಡರ್ ಬೇಕು, ಪಂಪಿನೊಳಗೆ ತೇವ ಸೇರಿದರೆ ರೈಫಲ್ ಒಳಗೆ ತುಕ್ಕು ಹಿಡಿಯುತ್ತದೆ, ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಉಂಗುರ) ಸೋರಿದರೆ ಊರಲ್ಲಿ ರಿಪೇರಿ ಸಿಗುವುದು ಕಷ್ಟ. ಗ್ಯಾಸ್ ಪಿಸ್ಟನ್‌ನಲ್ಲಿ ಕಂಪನ ಕಡಿಮೆ. ಆದರೆ ಒಳಗಿನ ಗ್ಯಾಸಿನ ಒತ್ತಡ ಬಿಸಿಲಿಗೆ ಏರುತ್ತದೆ, 20 ಡಿಗ್ರಿಯಿಂದ 40 ಡಿಗ್ರಿಗೆ ಹೋದರೆ ಸುಮಾರು ಶೇ. 7. ಪಾವಗಡದ ಏಪ್ರಿಲ್‌ನಲ್ಲಿ ಬೆಳಗಿನ ಝೀರೋ (ಗುಂಡು ಬೀಳುವ ಜಾಗಕ್ಕೆ ಸ್ಕೋಪನ್ನು ಹೊಂದಿಸಿದ್ದು) ಮಧ್ಯಾಹ್ನಕ್ಕೆ ನಿಲ್ಲುವುದಿಲ್ಲ. ಸ್ಪ್ರಿಂಗ್ ಒಡೆದರೆ ಬದಲಾಯಿಸಬಹುದು, ಗ್ಯಾಸ್ ಸೋರಿದರೆ ಇಡೀ ರಾಮ್ (ಗ್ಯಾಸ್ ತುಂಬಿದ ಕೊಳವೆ) ಬದಲಾಯಿಸಬೇಕು. ನಾನು ಮೊದಲ ರೈಫಲ್ ಎಂದರೆ ಮಧ್ಯಮ ಶಕ್ತಿಯ, ನಳಿಗೆ ಮಡಚುವ, ಕಾಯಿಲ್ ಸ್ಪ್ರಿಂಗಿನದ್ದನ್ನೇ ಹೇಳುತ್ತೇನೆ. ಪ್ರೆಸಿಹೋಲ್, ಎಸ್‌ಡಿಬಿಯಂಥ ನಮ್ಮ ದೇಶದ ತಯಾರಕರಲ್ಲೇ ಇಂಥವು ಸಿಗುತ್ತವೆ, ಬಿಡಿಭಾಗಕ್ಕೆ ವಿದೇಶದ ಕಡೆ ನೋಡಬೇಕಿಲ್ಲ.

ಅಂಗಡಿಯಲ್ಲಿ ಕೈಗೆ ಸಿಕ್ಕಿದಾಗ ಮೊದಲು ಉದ್ದ ನೋಡುತ್ತೇನೆ. ರೈಫಲ್ ಬುಡವನ್ನು ಮೊಣಕೈ ಮಡಿಕೆಯೊಳಗೆ ಇಟ್ಟರೆ ತೋರುಬೆರಳಿನ ಮೊದಲ ಗಿಣ್ಣಿನ ಮೆತ್ತೆ ಟ್ರಿಗರ್ ಮೇಲೆ ಸಲೀಸಾಗಿ ಕೂರಬೇಕು. ಕೂರಲಿಲ್ಲವೆಂದರೆ ಸ್ಟಾಕ್ (ನಳಿಗೆಯನ್ನು ಹೊತ್ತ ಹಿಡಿಯ ಭಾಗ) ಉದ್ದವಾಯಿತು, ಸ್ಕೋಪಿನಿಂದ ಕಣ್ಣೂ ದೂರವಾಗುತ್ತದೆ. ಆಮೇಲೆ ನಳಿಗೆಯ ಬಿಗಿ. ರೈಫಲ್ ಮುಚ್ಚಿದ ಸ್ಥಿತಿಯಲ್ಲಿ ಸ್ಟಾಕ್ ಹಿಡಿದು ನಳಿಗೆಯ ತುದಿಯನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಕೂದಲೆಳೆಯಷ್ಟು 'ಟಿಕ್' ಎಂದರೂ ಆ ಪೀಸ್ ಬೇಡ. ಪಿವಟ್‌ನಲ್ಲಿ (ನಳಿಗೆ ಮಡಚುವ ಕೀಲಿನಲ್ಲಿ) ಆಟ ಇರುವ ನಳಿಗೆ ಪ್ರತಿ ಸಲ ಬೇರೆ ಜಾಗದಲ್ಲಿ ಮುಚ್ಚಿಕೊಳ್ಳುತ್ತದೆ, ಅದನ್ನು ಯಾವ ಸ್ಕೋಪೂ ಸರಿಮಾಡುವುದಿಲ್ಲ. ಟ್ರಿಗರ್ ಎರಡು ಹಂತದ್ದಾಗಿರಲಿ: ಮೊದಲು ಸಡಿಲವಾಗಿ ಹಿಂದೆ ಬಂದು ಒಂದು ಗೋಡೆಗೆ ತಾಗಿ ನಿಲ್ಲಬೇಕು, ಆಮೇಲೆ ಸ್ವಲ್ಪ ಒತ್ತಿದರೆ ಬಿಡಬೇಕು. ಗುಂಡಿಲ್ಲದೆ ಹಾರಿಸಿ ತೋರಿಸಿ ಎಂದು ಮಾತ್ರ ಕೇಳಬೇಡಿ. ಪಿಸ್ಟನ್ ಮುಂದೆ ಗಾಳಿಯ ಮೆತ್ತೆ ಸಿಗದೆ ಅದು ನೇರ ಲೋಹಕ್ಕೆ ಬಡಿಯುತ್ತದೆ, ಸೀಲ್ ಹಾಳಾಗುತ್ತದೆ.

ಬೆರಳಿನ ವಿಷಯ ಒತ್ತಿ ಹೇಳಬೇಕು. ಕಾಕ್ ಮಾಡಿದ ನಳಿಗೆ ತೆರೆದಿರುವಾಗ ಸಿಯರ್ (ಬಿಗಿದ ಸ್ಪ್ರಿಂಗನ್ನು ತಡೆದು ಹಿಡಿಯುವ ಕೊಕ್ಕೆ) ಜಾರಿದರೆ ನಳಿಗೆ ಒಮ್ಮೆಲೇ ಮೇಲೆ ಬಂದು ಮುಚ್ಚಿಕೊಳ್ಳುತ್ತದೆ. ಮಧ್ಯೆ ಹೆಬ್ಬೆರಳಿದ್ದರೆ ಹೋಯಿತು ಎಂದೇ ತಿಳಿಯಿರಿ. ಅದಕ್ಕೇ ಗುಂಡು ತುಂಬುವಾಗ ಎಡಗೈ ನಳಿಗೆಯ ತುದಿಯನ್ನು ಬಿಡಬಾರದು. ಬುಡವನ್ನು ತೊಡೆಗೆ ಒತ್ತಿ, ಎಡಗೈಯಲ್ಲಿ ನಳಿಗೆಯನ್ನು ಕೆಳಗೆ ಹಿಡಿದೇ, ಬಲಗೈಯಲ್ಲಿ ಗುಂಡು ಕೂರಿಸಿ. ನಳಿಗೆ ಮುಚ್ಚುವವರೆಗೂ ಟ್ರಿಗರ್ ಹತ್ತಿರ ಬೆರಳು ಸುಳಿಯಬಾರದು.

ಸ್ಕೋಪಿಗೆ ಬರೋಣ. ತಪ್ಪುವ ಜಾಗ ಇದೇ. ದೊಡ್ಡ ಬಂದೂಕಿಗೆ ಮಾಡಿದ ಸ್ಕೋಪು ಗಟ್ಟಿಯಾಗಿರಲೇಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಸ್ಪ್ರಿಂಗ್ ರೈಫಲ್ ಒದೆಯುವ ರೀತಿ ಬೇರೆ. ಟ್ರಿಗರ್ ಬಿಟ್ಟಾಗ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಸರಿಯುತ್ತದೆ. ಕೊನೆಯಲ್ಲಿ ಪಿಸ್ಟನ್ ಬಿಗಿದ ಗಾಳಿಗೆ ಬಡಿದು ನಿಂತಾಗ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಒಂದೇ ಗುಂಡಿಗೆ ಎರಡು ದಿಕ್ಕಿನ ಪೆಟ್ಟು. ಬಂದೂಕಿನ ಸ್ಕೋಪಿನ ಒಳರಚನೆ ಹಿಂದಕ್ಕೆ ಒದೆಯುವುದನ್ನು ತಡೆಯುವಂತೆ ಇರುತ್ತದೆ. ಮುಂದಕ್ಕೆ ಜಗ್ಗುವ ಪೆಟ್ಟಿಗೆ ಒಳಗಿನ ಲೆನ್ಸು ಸಡಿಲವಾಗುತ್ತದೆ, ಕೂಡುಗೆರೆ (ಗುರಿ ಇಡಲು ಸ್ಕೋಪಿನೊಳಗೆ ಕಾಣುವ ಅಡ್ಡ-ನೇರ ಗೆರೆ) ತಿರುಗುತ್ತದೆ, ಗುರಿ ಹೊಂದಿಸುವಾಗ ಅಲುಗುವ ಒಳನಳಿಕೆಯನ್ನು ಒತ್ತಿ ಹಿಡಿದ ಸ್ಪ್ರಿಂಗ್ ಸೋಲುತ್ತದೆ. ಹೊರಗಿನಿಂದ ನೋಡಿದರೆ ಸ್ಕೋಪು ಹೊಸದರ ಹಾಗೇ ಇರುತ್ತದೆ, ಗುಂಡು ಮಾತ್ರ ಅಲೆಯುತ್ತಿರುತ್ತದೆ. 'ಸ್ಪ್ರಿಂಗ್ ಏರ್ ರೈಫಲ್‌ಗೆ' ಎಂದು ತಯಾರಕರೇ ಬರೆದು ಗ್ಯಾರಂಟಿ ಕೊಡುವ ಸ್ಕೋಪು ಬಿಟ್ಟು ಬೇರೆಯದನ್ನು ತೆಗೆದುಕೊಳ್ಳಬೇಡಿ.

ಎರಡನೆಯದು ಪ್ಯಾರಲಾಕ್ಸ್. ಕಣ್ಣನ್ನು ಸ್ವಲ್ಪ ಎಡಕ್ಕೆ ಬಲಕ್ಕೆ ಸರಿಸಿದರೆ ಕೂಡುಗೆರೆ ಗುರಿಯ ಮೇಲೆ ಜಾರಿದಂತೆ ಕಾಣುವುದು ಇದರಿಂದಲೇ. ಬಂದೂಕಿನ ಸ್ಕೋಪನ್ನು ಸಾಮಾನ್ಯವಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ. 40 ಮಿ.ಮೀ. ಮುಂಗಾಜಿನ ಅಂಥ ಸ್ಕೋಪಿನಲ್ಲಿ 25 ಮೀಟರ್ ಗುರಿ ನೋಡಿದರೆ ಕಣ್ಣು ಪೂರ್ತಿ ಅಂಚಿಗೆ ಸರಿದಾಗ ಸುಮಾರು 14 ಮಿ.ಮೀ. ತಪ್ಪಬಹುದು, ಅಂದರೆ ನಾಣ್ಯದ ಅರ್ಧ. ಏರ್ ರೈಫಲ್‌ಗೆಂದೇ ಮಾಡಿದ 4x32 (ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುವ, 32 ಮಿ.ಮೀ. ಮುಂಗಾಜಿನ) ಸ್ಕೋಪು ಸುಮಾರು 35 ಗಜಕ್ಕೆ ಹೊಂದಿಸಿರುತ್ತದೆ, ಅದೇ 25 ಮೀಟರ್‌ನಲ್ಲಿ ತಪ್ಪು ಮೂರೂವರೆ ಮಿ.ಮೀ. ದಾಟುವುದಿಲ್ಲ. ಇನ್ನೂ ಒಳ್ಳೆಯದು ಎಂದರೆ ಮುಂಗಾಜಿನ ಉಂಗುರ ತಿರುಗಿಸಿ 10 ಗಜದವರೆಗೂ ಹೊಂದಿಸಬಹುದಾದ 3-9x40. ಕೈಯಲ್ಲಿ ಹಣ ಕಡಿಮೆಯಿದ್ದರೆ ಅಗ್ಗದ 3-9ಕ್ಕಿಂತ ಒಳ್ಳೆಯ 4x32 ಮೇಲು. ಒಳಗೆ ಅಲ್ಲಾಡುವ ಭಾಗ ಕಡಿಮೆ, ಕೆಡುವುದೂ ಕಡಿಮೆ. ದೀಪ ಹೊತ್ತುವ ಕೂಡುಗೆರೆ, 6-24 ಜೂಮು, ಇದಕ್ಕೆಲ್ಲ ಈಗ ಹಣ ಹಾಕಬೇಡಿ. 24 ಪಟ್ಟು ದೊಡ್ಡದಾಗಿ ಕಾಣುವುದು ನಿಮ್ಮ ಎದೆಬಡಿತ.

ಹಣ ಹಂಚುವ ರೀತಿ: ಒಟ್ಟು ನೂರು ರೂಪಾಯಿ ಎಂದುಕೊಂಡರೆ ಐವತ್ತೈದು ರೈಫಲ್‌ಗೆ, ಇಪ್ಪತ್ತೈದು ಸ್ಕೋಪಿಗೆ, ಹತ್ತು ಮೌಂಟಿಗೆ (ಸ್ಕೋಪನ್ನು ರೈಫಲ್ ಮೇಲೆ ಹಿಡಿದಿಡುವ ಭಾಗ), ಹತ್ತು ಗುಂಡಿಗೆ. ಅಗ್ಗದ ಮೌಂಟ್ ತಂದು ಉಳಿಸಿದ ಹಣ ಗುಂಡಿಗೆ ಹೋಗುತ್ತದೆ, ಏಕೆಂದರೆ ಪ್ರತಿ ವಾರ ಹೊಸದಾಗಿ ಝೀರೋ ಮಾಡಬೇಕಾಗುತ್ತದೆ.

ಏರ್ ರೈಫಲ್ ಬೆನ್ನಿನ ಮೇಲೆ ಸಾಮಾನ್ಯವಾಗಿ ಮೌಂಟ್ ಕೂರಿಸಲು 11 ಮಿ.ಮೀ. ಡವ್‌ಟೇಲ್ ತೋಡು ಇರುತ್ತದೆ. ಬಂದೂಕುಗಳ ಮೇಲೆ ಕಾಣುವ ಪಿಕಟಿನಿ ಹಳಿ ಸುಮಾರು 21 ಮಿ.ಮೀ., ಅದರ ರಿಂಗು ಇದಕ್ಕೆ ಕೂರುವುದಿಲ್ಲ. ಎರಡು ಬಿಡಿ ರಿಂಗಿಗಿಂತ ಒಂದೇ ತುಂಡಿನ ಮೌಂಟ್ ಒಳ್ಳೆಯದು, ಅದರ ಕೆಳಗೆ ಸ್ಟಾಪ್ ಪಿನ್ ಇರಲೇಬೇಕು. ಆ ಪಿನ್ನು ರೈಫಲ್ ಬೆನ್ನಿನ ತೂತಿನೊಳಗೆ ಇಳಿದರೆ ಮೌಂಟ್ ಹಿಂದಕ್ಕೆ ತೆವಳುವುದಿಲ್ಲ. ಪಿನ್ ಇಲ್ಲದೆ ಸ್ಕ್ರೂ ಬಿಗಿಯಿಂದಲೇ ನಿಲ್ಲಿಸಲು ಹೋದರೆ ಅಲ್ಯೂಮಿನಿಯಂ ಮೌಂಟಿನ ಹಲ್ಲು ಸವೆಯುತ್ತದೆಯೇ ಹೊರತು ಮೌಂಟ್ ನಿಲ್ಲುವುದಿಲ್ಲ.

ಕೂರಿಸುವ ಮುಂಚೆ ಡವ್‌ಟೇಲ್, ಮೌಂಟಿನ ಹಲ್ಲು, ರಿಂಗಿನ ಒಳಮೈ, ಸ್ಕೋಪಿನ ಕೊಳವೆ ಎಲ್ಲವನ್ನೂ ಸ್ಪಿರಿಟ್ ಹಾಕಿ ಎಣ್ಣೆ ಹೋಗುವಂತೆ ಒರೆಸುತ್ತೇನೆ. ಕಾರ್ಖಾನೆಯ ಎಣ್ಣೆಯ ಪದರ ಉಳಿದರೆ ಎಷ್ಟು ಬಿಗಿದರೂ ಜಾರುತ್ತದೆ. ಆಮೇಲೆ ಸ್ಕೋಪಿನ ಕೂಡುಗೆರೆಯನ್ನು ನಡುವಿಗೆ ತರಬೇಕು. ಸ್ಕೋಪಿನ ಮೇಲಿರುವ, ಗುರಿ ಹೊಂದಿಸಲು ತಿರುಗಿಸುವ ಗುಂಡಿಯನ್ನು ಒಂದು ಕೊನೆಗೆ ಮೆಲ್ಲಗೆ ತಿರುಗಿಸಿ, ಅಲ್ಲಿಂದ ಇನ್ನೊಂದು ಕೊನೆಯವರೆಗೆ ಕ್ಲಿಕ್ ಎಣಿಸಿ, ಅದರ ಅರ್ಧಕ್ಕೆ ವಾಪಸ್ ಬನ್ನಿ. ಪಕ್ಕದ ಗುಂಡಿಗೂ ಹೀಗೇ. ಈ ಎಣಿಕೆಯನ್ನು ಬರೆದಿಡಿ, ಮುಂದೆ ಬೇಕಾಗುತ್ತದೆ.

ಕಣ್ಣಿನ ದೂರ: ಕಣ್ಣು ಮುಚ್ಚಿ ರೈಫಲನ್ನು ಭುಜಕ್ಕೆ ತಂದು ಕೆನ್ನೆ ಇಟ್ಟು, ಆಮೇಲೆ ಕಣ್ಣು ತೆರೆಯಿರಿ. ಸ್ಕೋಪಿನ ವೃತ್ತ ಪೂರ್ತಿ, ಕಪ್ಪು ಅಂಚಿಲ್ಲದೆ ಕಾಣಬೇಕು. ಕಾಣದಿದ್ದರೆ ಸ್ಕೋಪನ್ನು ಸರಿಸಿ, ಕುತ್ತಿಗೆಯನ್ನಲ್ಲ. ಹೆಚ್ಚಿನ ಸ್ಕೋಪಿನಲ್ಲಿ ಹಿಂಗಾಜಿನಿಂದ ಕಣ್ಣಿಗೆ 80ರಿಂದ 90 ಮಿ.ಮೀ. ಬರುತ್ತದೆ.

ಕೂಡುಗೆರೆ ನೇರ ನಿಲ್ಲಿಸಲು ಗಾರೆ ಮೇಸ್ತ್ರಿಯ ತೂಗುಗುಂಡು ಸಾಕು. 20 ಮೀಟರ್ ದೂರದ ಕೊಂಬೆಗೆ ಬಿಳಿ ದಾರದಲ್ಲಿ ತೂಗುಗುಂಡು ಕಟ್ಟಿ, ಗುಂಡನ್ನು ನೀರಿನ ಬಕೆಟ್ಟಿನೊಳಗೆ ಮುಳುಗಿಸಿದರೆ ಗಾಳಿಗೆ ಓಲಾಡುವುದಿಲ್ಲ. ರೈಫಲನ್ನು ಮರಳುಚೀಲದ ಮೇಲಿಟ್ಟು, ಸ್ಟಾಕಿನ ಮೇಲಲ್ಲ, ಡವ್‌ಟೇಲ್ ಮೇಲೆ ಸಣ್ಣ ರಸಮಟ್ಟವನ್ನು ಅಡ್ಡಲಾಗಿ ಇಟ್ಟು ಮಟ್ಟ ಮಾಡಿ. ಈಗ ಸ್ಕೋಪನ್ನು ರಿಂಗಿನೊಳಗೆ ತಿರುಗಿಸುತ್ತಾ ಹೋದರೆ ಒಂದು ಕ್ಷಣ ಕಪ್ಪು ಗೆರೆ ಬಿಳಿ ದಾರದ ಮೇಲೆ ಸರಿಯಾಗಿ ಕೂತು, ದಾರವೇ ಮಾಯವಾಗುತ್ತದೆ. ಅಲ್ಲಿ ನಿಲ್ಲಿಸಿ. ರಿಂಗಿನ ಸ್ಕ್ರೂಗಳನ್ನು ಕರ್ಣವಾಗಿ, ಒಂದೊಂದಕ್ಕೆ ಕಾಲು ಸುತ್ತಿನಂತೆ ಬಿಗಿಯಿರಿ. ಎರಡೂ ಬದಿಯ ಸಂದು ಸಮ ಇರಬೇಕು. ಒಂದು ಬದಿ ಮೊದಲೇ ಬಿಗಿದರೆ ಸ್ಕೋಪು ಆ ಕಡೆ ತಿರುಗಿಬಿಡುತ್ತದೆ, ದಾರ ಮತ್ತೆ ಕಾಣಿಸುತ್ತದೆ. ರಿಂಗಿಗೆ ಒಂದೂವರೆಯಿಂದ ಎರಡು ನ್ಯೂಟನ್-ಮೀಟರ್ ಬಿಗಿ ಸಾಕು. ಟಾರ್ಕ್ ಕೀಲಿ ಇಲ್ಲದಿದ್ದರೆ ಅಲೆನ್ ಕೀಲಿಯ ಗಿಡ್ಡ ಕಾಲನ್ನು ಎರಡು ಬೆರಳಲ್ಲಿ ಹಿಡಿದು ಬಿಗಿಯಿರಿ, ಉದ್ದ ಕಾಲು ಹಿಡಿದು ಬಿಗಿದರೆ ಕೊಳವೆ ನಗ್ಗುತ್ತದೆ. ಕೊನೆಗೆ ಮೌಂಟ್ ಮತ್ತು ಡವ್‌ಟೇಲ್ ಸೇರುವಲ್ಲಿ, ರಿಂಗ್ ಮತ್ತು ಕೊಳವೆ ಸೇರುವಲ್ಲಿ ಉಗುರುಬಣ್ಣದ ಒಂದು ಗೆರೆ ಎಳೆಯಿರಿ. ಏನಾದರೂ ಸರಿದರೆ ಆ ಗೆರೆ ತುಂಡಾಗಿ ತೋರಿಸುತ್ತದೆ.

ಹಾರಿಸುವ ಜಾಗ ನಮ್ಮ ಜಿಲ್ಲೆಯಲ್ಲಿ ಸಿಗುವುದು ಸುಲಭ, ಸರಿಯಾಗಿ ಸಿಗುವುದು ಕಷ್ಟ. ದೇವರಾಯನದುರ್ಗದ ಸುತ್ತ, ಮಧುಗಿರಿ ಕಡೆ ಎಲ್ಲಿ ನೋಡಿದರೂ ಬಂಡೆ. ಬಂಡೆ ಹಿಂದಿದ್ದರೆ ಗುಂಡು ತಡೆಯುತ್ತದೆ ಎನಿಸುತ್ತದೆ. ನಿಜವಾಗಿ ಸೀಸದ ಗುಂಡು ಬಂಡೆಗೆ ತಾಗಿ ಯಾವ ಕಡೆಗೆ ಚಿಮ್ಮುತ್ತದೆ ಎಂದು ಹೇಳಲಾಗದು. ತೆಂಗಿನ ಕಾಂಡವೂ ಹಾಗೇ, ದುಂಡಗಿನ ಗಟ್ಟಿ ಮೈಗೆ ತಾಗಿ ಪಕ್ಕಕ್ಕೆ ಹಾರುತ್ತದೆ. ಖಾಲಿ ಹೊಲದ ಕಡೆ ಹಾರಿಸಿದ ಗುಂಡು ಮುನ್ನೂರು ಮೀಟರ್ ದಾಟಿ ಹೋಗಬಲ್ಲದು, ರಾಗಿ ಹೊಲದಲ್ಲಿ ಬಗ್ಗಿ ಕಳೆ ಕೀಳುವವರು ನಿಮಗೆ ಕಾಣುವುದೂ ಇಲ್ಲ. ನಾನು ಬಳಸುವುದು ಕೊಬ್ಬರಿಯ ಹಳೆ ಗೋಣಿಚೀಲ. ಜಲ್ಲಿ ಒಂದೂ ಉಳಿಯದಂತೆ ಜರಡಿ ಹಿಡಿದ ಮರಳನ್ನು ಮುಕ್ಕಾಲು ತುಂಬಿ, ಇಟ್ಟಿಗೆಯಂತೆ ಸಂದು ತಪ್ಪಿಸಿ, ಎರಡು ಸಾಲು ದಪ್ಪ, ಎದೆಯೆತ್ತರಕ್ಕೆ ಜೋಡಿಸುತ್ತೇನೆ. ಮುಂದೆ ಹಳೆ ರಬ್ಬರ್ ಮ್ಯಾಟ್ ಇಳಿಬಿಟ್ಟರೆ ಮರಳು ಚೆಲ್ಲುವುದಿಲ್ಲ. ತಗಡಿನ ಮೊಲವನ್ನು 10 ಮೀಟರ್‌ಗಿಂತ ಹತ್ತಿರ ನಿಲ್ಲಿಸಬಾರದು, ಸೀಸದ ಚೂರು ವಾಪಸ್ ಬರುತ್ತದೆ. ಕನ್ನಡಕ ಕಡ್ಡಾಯ, ಪಕ್ಕದಲ್ಲಿ ನೋಡುತ್ತಾ ನಿಂತವರಿಗೂ.

ದನ ಮೇಯುವ ಜಾಗದಲ್ಲಿ, ಹುಲ್ಲಿನ ಬಣವೆಯ ಹತ್ತಿರ ಗುರಿ ಇಡಲೇಬೇಡಿ. ಸೀಸ ಹೊಟ್ಟೆಗೆ ಹೋದರೆ ದನಗಳಿಗೆ ವಿಷ. ಬಿದ್ದ ಸೀಸವನ್ನು ತಿಂಗಳಿಗೊಮ್ಮೆ ಜರಡಿ ಹಿಡಿದು ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಹಾರಿಸಿ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಬಾಯಿಗೆ ಏನೂ ಹೋಗಬಾರದು.

ಝೀರೋ ಮಾಡುವ ಮುಂಚೆ ಹೊಸ ಸ್ಪ್ರಿಂಗ್ ರೈಫಲ್‌ಗೆ 300ರಿಂದ 500 ಗುಂಡು ಪಳಗಲು ಬಿಡಿ. ಕಾರ್ಖಾನೆಯ ಎಣ್ಣೆ ಮೊದಮೊದಲು ಸಿಲಿಂಡರಿನೊಳಗೆ ಉರಿದು, ಹೊಗೆ ಬಂದು, ಪಟಾಕಿಯಂಥ ಸದ್ದಾಗುತ್ತದೆ. ಆ ಗುಂಡುಗಳ ವೇಗ ಒಂದೊಂದಕ್ಕೆ ಒಂದೊಂದು. ಸದ್ದು ಚೆನ್ನಾಗಿದೆ ಎಂದು ಇನ್ನಷ್ಟು ಎಣ್ಣೆ ಬಿಡುವವರಿದ್ದಾರೆ. ಸೀಲ್ ಸುಟ್ಟು ಸ್ಪ್ರಿಂಗ್ ಮುರಿಯುವ ದಾರಿ ಅದು.

ಹಿಡಿಯುವ ರೀತಿಯೂ ಬಂದೂಕಿನದ್ದಲ್ಲ. ಗುಂಡು ನಳಿಗೆ ಬಿಡುವ ಮುಂಚೆಯೇ ರೈಫಲ್ ಅಲುಗಿರುತ್ತದೆ. ಆದ್ದರಿಂದ ಪ್ರತಿ ಸಲ ಒಂದೇ ರೀತಿ ಅಲುಗಲು ಬಿಡಬೇಕು. ಎಡಗೈಯನ್ನು ಬಿಚ್ಚಿ, ಅಂಗೈ ಮೇಲೆ ಸ್ಟಾಕ್ ಕೂರಿಸಿ, ಬೆರಳು ಸುತ್ತಬೇಡಿ. ಭುಜಕ್ಕೆ ಮೆಲ್ಲಗೆ ತಾಗಿಸಿ, ಎಳೆದು ಒತ್ತಬೇಡಿ. ಸ್ಟಾಕನ್ನು ನೇರ ಗಟ್ಟಿ ಚೀಲದ ಮೇಲೆ ಇಟ್ಟರೆ ಪುಟಿದು ಗುಂಡು ಮೇಲೆ ಹೋಗುತ್ತದೆ, ಮಧ್ಯೆ ಅಂಗೈ ಇರಲಿ. ಅಂಗೈ ಇಡುವ ಜಾಗಕ್ಕೆ ಸ್ಟಾಕಿನ ಮೇಲೆ ಪೆನ್ಸಿಲ್ ಗುರುತು ಹಾಕಿ. ಎರಡು ಬೆರಳು ಹಿಂದೆ ಮುಂದೆ ಆದರೂ ಗ್ರೂಪ್ (ಒಂದೇ ಗುರಿಗೆ ಹಾರಿಸಿದ ಗುಂಡುಗಳ ಗುಂಪು) ಬೇರೆ ಕಡೆ ಬೀಳುವ ರೈಫಲ್‌ಗಳಿವೆ.

ಮೊದಲು 10 ಮೀಟರ್‌ನಲ್ಲಿ ಮೂರು ಗುಂಡು, ಕಾಗದದ ಮೇಲೆ ಎಲ್ಲಿ ಬೀಳುತ್ತಿದೆ ಎಂದು ತಿಳಿಯಲು. ಆಮೇಲೆ 25 ಮೀಟರ್‌ಗೆ ಹೋಗಿ. ಒಂದು ಗುಂಡು ನೋಡಿ ತಿರುಗಿಸಬೇಡಿ, ಐದರ ಗ್ರೂಪಿನ ನಡುವನ್ನು ಅಳೆಯಿರಿ. ಕಾಲು ಎಂಒಎ (ಎಂಒಎ ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಸ್ಕೋಪಿನಲ್ಲಿ ಒಂದು ಕ್ಲಿಕ್ 25 ಮೀಟರ್‌ನಲ್ಲಿ ಸುಮಾರು 1.8 ಮಿ.ಮೀ. ಗ್ರೂಪಿನ ನಡು 40 ಮಿ.ಮೀ. ಕೆಳಗಿದ್ದರೆ 22 ಕ್ಲಿಕ್ ಮೇಲಕ್ಕೆ. ತಿರುಗಿಸಿದ ಮೇಲೆ ಎರಡು ಗುಂಡು ಸುಮ್ಮನೆ ಹಾರಿಸಿ, ಒಳಗಿನ ಸ್ಪ್ರಿಂಗ್ ಜಾಗಕ್ಕೆ ಕೂರಲಿ, ಆಮೇಲೆ ಮುಂದಿನ ಐದು.

ಝೀರೋ ಯಾವ ದೂರಕ್ಕೆ ಎಂಬುದಕ್ಕೆ ಲೆಕ್ಕ ಇಲ್ಲಿದೆ. 8.44 ಗ್ರೇನ್ ಗುಂಡು, 240 ಮೀಟರ್ ವೇಗ, ನಳಿಗೆಯ ನಡುವಿನಿಂದ ಸ್ಕೋಪಿನ ನಡುವಿಗೆ 45 ಮಿ.ಮೀ. ಎತ್ತರ, ಝೀರೋ 25 ಮೀಟರ್. ಆಗ 10 ಮೀಟರ್‌ನಲ್ಲಿ ಗುಂಡು 12 ಮಿ.ಮೀ. ಕೆಳಗೆ, 15ರಲ್ಲಿ 3 ಕೆಳಗೆ, 20ರಲ್ಲಿ 1 ಮೇಲೆ, 30ರಲ್ಲಿ 7 ಕೆಳಗೆ, 35ರಲ್ಲಿ 21 ಕೆಳಗೆ, 40ರಲ್ಲಿ 41 ಕೆಳಗೆ. 15ರಿಂದ 26 ಮೀಟರ್‌ವರೆಗೆ ಏನೂ ಲೆಕ್ಕ ಹಾಕದೆ ನೇರ ನಡುವಿಗೆ ಇಟ್ಟರೆ ಸಾಕು, ತಪ್ಪು 3 ಮಿ.ಮೀ. ಒಳಗೇ. ಹತ್ತಿರದ ಗುರಿಗೂ ಮೇಲೆ ಹಿಡಿಯಬೇಕು ಎಂಬುದು ಹೊಸಬರಿಗೆ ತಲೆಗೆ ಹತ್ತುವುದಿಲ್ಲ. ಸ್ಕೋಪು ನಳಿಗೆಗಿಂತ ಮೇಲಿದೆ, ಹತ್ತಿರದಲ್ಲಿ ಗುಂಡು ಇನ್ನೂ ನೋಟದ ಗೆರೆಗೆ ಏರಿರುವುದಿಲ್ಲ, ಅದಕ್ಕೆ. ಮಿಲ್‌ಡಾಟ್ (ಗೆರೆಯ ಮೇಲೆ ಸಮ ಅಂತರದ ಚುಕ್ಕೆಗಳಿರುವ) ಕೂಡುಗೆರೆಯಾದರೆ 40 ಮೀಟರ್‌ಗೆ ಒಂದು ಚುಕ್ಕೆ, 10 ಮೀಟರ್‌ಗೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಜೂಮ್ ಸ್ಕೋಪಿನಲ್ಲಿ ಸಾಮಾನ್ಯವಾಗಿ ಈ ಚುಕ್ಕೆಯ ಲೆಕ್ಕ ಒಂದು ಜೂಮಿನಲ್ಲಿ ಮಾತ್ರ ಸರಿ, ಆ ಸಂಖ್ಯೆಗೆ ಟೇಪ್ ಸುತ್ತಿಡಿ. ನಿಮ್ಮ ರೈಫಲ್‌ನ ಅಂಕಿ ಇದಕ್ಕಿಂತ ಬೇರೆ ಇರುತ್ತದೆ. ಐದೈದು ಮೀಟರ್‌ಗೆ ಗೂಟ ನೆಟ್ಟು, ಹಾರಿಸಿ, ಅಳೆದು, ಸ್ಕೋಪಿನ ಮುಚ್ಚಳದ ಒಳಗೆ ಚೀಟಿ ಅಂಟಿಸಿ.

ಗಾಳಿ ಎತ್ತರಕ್ಕಿಂತ ದೊಡ್ಡ ಶತ್ರು. ಸೆಕೆಂಡಿಗೆ 3 ಮೀಟರ್ ಅಡ್ಡಗಾಳಿ, ಎಂದರೆ ಮುಖಕ್ಕೆ ತಾಗಿ ಎಲೆಗಳು ಸರಸರ ಎನ್ನುವಷ್ಟು, ಇದೇ ಗುಂಡನ್ನು 20 ಮೀಟರ್‌ನಲ್ಲಿ 17 ಮಿ.ಮೀ., 25ರಲ್ಲಿ 27 ಮಿ.ಮೀ., 40ರಲ್ಲಿ 70 ಮಿ.ಮೀ. ತಳ್ಳುತ್ತದೆ. 25 ಮೀಟರ್‌ನಲ್ಲೇ ಒಂದು ನಾಣ್ಯದಗಲ ಹೋಯಿತು. ಆಷಾಢದ ಗಾಳಿಯಲ್ಲಿ ಝೀರೋ ಮಾಡಲು ಕೂರಬೇಡಿ, ತಪ್ಪು ಝೀರೋ ಆಗುತ್ತದೆ. ಬೆಳಿಗ್ಗೆ ಆರೂವರೆಯಿಂದ ಎಂಟರೊಳಗೆ ಮುಗಿಸಿ. ಗುರಿಯ ಪಕ್ಕ ಒಂದು ಅಡಿ ಉಣ್ಣೆದಾರ ಕಟ್ಟಿದರೆ ಗಾಳಿ ಕಣ್ಣಿಗೆ ಕಾಣುತ್ತದೆ.

ಗುಂಡಿನ ಆಯ್ಕೆ ಹಾರಿಸಿಯೇ ಆಗಬೇಕು. ಮೂತಿ ದುಂಡಗಿರುವುದೇ ತೆಗೆದುಕೊಳ್ಳಿ. ಚೂಪು ಮೂತಿಯದ್ದು ನೋಡಲು ಚೆನ್ನ, ಗ್ರೂಪ್ ಅಗಲ. ಚಪ್ಪಟೆ ಮೂತಿಯದ್ದು 10 ಮೀಟರ್ ಕಾಗದಕ್ಕೆ ಸರಿ, 25 ದಾಟಿದರೆ ಚದುರುತ್ತದೆ. ನಾಲ್ಕು ಬಗೆ ಒಂದೊಂದು ಡಬ್ಬಿ ತಂದು, ಬಗೆ ಬದಲಿಸಿದಾಗ ಹತ್ತು ಹದಿನೈದು ಗುಂಡು ಸುಮ್ಮನೆ ಹಾರಿಸಿ ನಳಿಗೆಗೆ ಹೊಂದಿಕೊಳ್ಳಲು ಬಿಟ್ಟು, ಆಮೇಲೆ 20 ಮೀಟರ್‌ನಲ್ಲಿ ಐದರ ಮೂರು ಗ್ರೂಪ್ ಹಾರಿಸಿ. ಒಂದು ಗ್ರೂಪ್ ಚೆನ್ನಾಗಿ ಬಂದರೆ ಅದೃಷ್ಟವೂ ಇರಬಹುದು, ಮೂರೂ ಬಂದರೆ ಗುಂಡು ಒಗ್ಗಿದೆ. ಡಬ್ಬಿಯ ಮೇಲೆ 4.50, 4.51, 4.52 ಎಂದು ತಲೆಯ ಅಳತೆ ಇರುತ್ತದೆ. ನಳಿಗೆಯಲ್ಲಿ ತಾನಾಗಿ ಒಳಗೆ ಜಾರಿದರೆ ಸಡಿಲ, ಹೆಬ್ಬೆರಳಿಗೆ ನೋವಾಗುವಷ್ಟು ಒತ್ತಬೇಕಾದರೆ ಬಿಗಿ. ಪ್ರತಿ ಗುಂಡಿನ ಲಂಗವನ್ನೂ (ಹಿಂಬದಿಯ ಟೊಳ್ಳಾದ ತೆಳು ಅಂಚು) ಬೆಳಕಿಗೆ ಹಿಡಿದು ನೋಡುತ್ತೇನೆ. ಡಬ್ಬಿ ಒಮ್ಮೆ ಕೆಳಗೆ ಬಿದ್ದರೆ ಸಾಕು, ಮೆದು ಸೀಸದ ಲಂಗ ಒಂದು ಬದಿ ಮೊಟ್ಟೆಯಾಕಾರ ಆಗಿರುತ್ತದೆ. ಅದರ ಹಿಂದೆ ಗಾಳಿ ಒಂದೇ ಸಮ ತಳ್ಳುವುದಿಲ್ಲ. ಅಂಥವನ್ನು ಬೇರೆ ಡಬ್ಬಿಗೆ ಹಾಕಿ, ರೈಫಲ್ ಬಿಸಿಮಾಡಲು ಬಳಸಿ.

ಕ್ರೊನೋಗ್ರಾಫ್ (ಗುಂಡಿನ ವೇಗ ಅಳೆಯುವ ಸಾಧನ) ಸಿಕ್ಕರೆ ಹತ್ತು ಗುಂಡಿನ ವೇಗ ಬರೆದುಕೊಳ್ಳಿ. ಅತಿ ಹೆಚ್ಚಿಗೂ ಅತಿ ಕಡಿಮೆಗೂ ಸೆಕೆಂಡಿಗೆ 6 ಮೀಟರ್ ವ್ಯತ್ಯಾಸವಿದ್ದರೆ ಸ್ಪ್ರಿಂಗ್ ರೈಫಲ್‌ಗೆ ಒಳ್ಳೆಯದೇ, 25 ಮೀಟರ್‌ನಲ್ಲಿ ಅದರಿಂದ ಬರುವ ಏರುಪೇರು 3 ಮಿ.ಮೀ. ಸೆಕೆಂಡಿಗೆ 15 ಮೀಟರ್ ವ್ಯತ್ಯಾಸ ಬಂದರೆ ಬ್ರೀಚ್ ಸೀಲ್ (ನಳಿಗೆಯ ಬುಡದ ಸಂದು ಮುಚ್ಚುವ ಉಂಗುರ) ನೋಡಿ. ನಳಿಗೆಯ ಸಂದಿನ ಮೇಲೆ ಟಿಷ್ಯೂ ಕಾಗದದ ಎಳೆ ಇಟ್ಟು ಹಾರಿಸಿದಾಗ ಎಳೆ ಹಾರಿದರೆ ಸೀಲ್ ಸೋರುತ್ತಿದೆ.

ಗುಂಡು ಅಲೆಯಲು ಶುರುವಾದರೆ ಮೊದಲು ಸ್ಕೋಪನ್ನು ಬೈಯಬೇಡಿ. ಸ್ಟಾಕಿನ ಮುಂದಿನ ಎರಡು ಸ್ಕ್ರೂ, ಟ್ರಿಗರ್ ಗಾರ್ಡಿನ ಸ್ಕ್ರೂ, ಇವು ಕಂಪನಕ್ಕೆ ಸಡಿಲವಾಗುತ್ತವೆ. ನೂರು ಗುಂಡಿಗೊಮ್ಮೆ ನೋಡಿ. ಆಮೇಲೆ ಉಗುರುಬಣ್ಣದ ಗೆರೆ. ಅದೂ ಸರಿಯಿದ್ದರೆ ಸ್ಕೋಪಿನ ಪರೀಕ್ಷೆ: 25 ಮೀಟರ್‌ನಲ್ಲಿ ಐದು ಗುಂಡು ಹಾರಿಸಿ, ಅದೇ ಗುರಿಗೆ ಕಣ್ಣಿಟ್ಟು 20 ಕ್ಲಿಕ್ ಬಲಕ್ಕೆ ಹೋಗಿ ಐದು, 20 ಮೇಲಕ್ಕೆ ಐದು, 20 ಎಡಕ್ಕೆ ಐದು, 20 ಕೆಳಕ್ಕೆ ಐದು. ಕಾಗದದ ಮೇಲೆ ಸುಮಾರು 36 ಮಿ.ಮೀ. ಬದಿಯ ಚೌಕ ಮೂಡಿ, ಕೊನೆಯ ಐದು ಮೊದಲ ಐದರ ಮೇಲೇ ಬಿದ್ದರೆ ಸ್ಕೋಪು ಆರೋಗ್ಯವಾಗಿದೆ.

ಚೌಕ ಸೊಟ್ಟಗಾದರೆ ಮೊದಲು ಬರೆದಿಟ್ಟ ಕ್ಲಿಕ್ ಎಣಿಕೆಯನ್ನು ತೆಗೆಯಿರಿ. ಮೇಲಿನ ಗುಂಡಿ ನಡುವಿನಿಂದ ಬಹಳ ಮೇಲೆ, ಕೊನೆಯ ಹತ್ತಿರ ನಿಂತಿದ್ದರೆ ಕಾರಣ ಸಿಕ್ಕಿತು. ಮಡಚುವ ನಳಿಗೆಗಳು ಹಲವು ಸಲ ತುಸು ಕೆಳಗೆ ನೋಡುತ್ತವೆ. ಅದನ್ನು ಸರಿದೂಗಿಸಲು ಗುಂಡಿಯನ್ನು ಮೇಲೆ ಮೇಲೆ ತಿರುಗಿಸುತ್ತಾ ಹೋದರೆ ಒಳನಳಿಕೆಯನ್ನು ಹಿಡಿದ ಸ್ಪ್ರಿಂಗಿನ ಒತ್ತಡ ಕಡಿಮೆಯಾಗಿ ಕೂಡುಗೆರೆ ಪ್ರತಿ ಸಲ ಹಾರಿಸಿದಾಗಲೂ ಅಲುಗುತ್ತದೆ. ಹಿಂದಿನ ಭಾಗ ತುಸು ಎತ್ತರವಿರುವ ಡ್ರೂಪ್ ಮೌಂಟ್ ಹಾಕುವುದು ಸರಿಯಾದ ದಾರಿ. ಅದು ಸಿಗುವವರೆಗೆ ಹಿಂದಿನ ರಿಂಗಿನೊಳಗೆ, ಕೊಳವೆಯ ಅಡಿಗೆ, ಹಳೆ ಫಿಲ್ಮ್ ರೀಲಿನ ಒಂದು ಅಥವಾ ಎರಡು ಪಟ್ಟಿ ಇಟ್ಟು ನಡೆಸಬಹುದು. ಮೂರನೆಯದು ಬೇಡ, ಕೊಳವೆ ಬಾಗುತ್ತದೆ. ಪಟ್ಟಿ ಇಟ್ಟ ಮೇಲೆ ಗುಂಡಿಗಳನ್ನು ಮತ್ತೆ ನಡುವಿಗೆ ತಂದು, ತೂಗುಗುಂಡಿನ ದಾರಕ್ಕೆ ಕೂಡುಗೆರೆಯನ್ನು ಮತ್ತೆ ಹೊಂದಿಸಿ, 10 ಮೀಟರ್‌ನಿಂದಲೇ ಶುರುಮಾಡಿ.